ಅಂಟು, ಮಸಿ ಮತ್ತು ಮಲೆನಾಡಿನ ಮಳೆ

ಮಲೆನಾಡಿನಲ್ಲಿ ಮನೆ ಮಾಡಿಕೊಂಡಿರುವವರಿಗೆ ಮಳೆಗಾಲ ಬಂತೆಂದು ತಿಳಿಯಲು ಪಂಚಾಂಗ ಬೇಕಾಗಿಲ್ಲ. ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ; ಮರಿಗೆಯ ಉಪ್ಪು ನೀರೊಡೆಯುತ್ತದೆ; ನಿನ್ನೆಯವರೆಗೆ ಗಟ್ಟಿಯಾಗಿ ನಿಂತಿದ್ದ ಮೇಜಿನ ಕಾಲು ಇಂದು ಅಲುಗುತ್ತದೆ. ಕೊಪ್ಪದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಬರವಣಿಗೆಯ ಪೆಟ್ಟಿಗೆಯುಂಟು. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ, ಆಷಾಢದ ಜಡಿಮಳೆಯಲ್ಲಿ, ಅದರ ಮೂಲೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮಳೆ ಹೊಳವಾದ ಮೇಲೆ ಬಡಗಿಯನ್ನು ಕರೆಯುವುದು ನಮ್ಮಲ್ಲಿ ವಾಡಿಕೆ.

ಬಡಗಿ ವಯಸ್ಸಾದವನು. ಮೊಳೆ ಹೊಡೆದರೆ ಹಳೆಯ ಮರ ಸೀಳುತ್ತದೆಂದು ಅವನು ಒಪ್ಪುವುದಿಲ್ಲ. ಅಂಗಡಿಯಲ್ಲಿ ಸಿಕ್ಕುವ ಬಿಳಿಯ ಅಂಟೂ ಅವನಿಗೆ ಒಗ್ಗುವುದಿಲ್ಲ. ಬೆಲ್ಲದ ಚೂರಿನಂತಿರುವ ಸರೇಸನ್ನು, ಅವನ ಮಾತಿನಲ್ಲಿ ಹೇಳುವುದಾದರೆ 'ವಜ್ರ'ವನ್ನು, ರಾತ್ರಿಯೇ ನೆನೆಹಾಕಿ ಇಡುತ್ತಾನೆ. ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಅದನ್ನು ಕರಗಿಸುತ್ತಾನೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ! ಆದರೆ ಕೂಡಿಸಿ ಒಂದು ದಿನ ಬಿಗಿದು ಇಟ್ಟನೆಂದರೆ ಮರ ಮುರಿದೀತೇ ಹೊರತು ಬೆಸುಗೆ ಬಿಡದು, ಮುಂದಿನ ಜಡಿಮಳೆಯವರೆಗೆ.

"ಇದೇ ಕೈಯಿಂದ, ಇದೇ ಅಂಟಿನಿಂದ ಮಾಡಿದ ಪೆಟ್ಟಿಗೆ ನರಸಿಂಹರಾಜಪುರದಲ್ಲಿ ಹಾಗೆಯೇ ಇದೆ, ಕೊಪ್ಪದಲ್ಲಿ ಬಿಡುತ್ತದೆ, ಶೃಂಗೇರಿಯಲ್ಲಿ ಮೊದಲು ಬಿಡುತ್ತದೆ" ಎಂದು ಅವನು ಒಮ್ಮೆ ಹೇಳಿದ. ಈ ಮೂರು ಊರುಗಳ ಮಳೆಯ ಹೆಚ್ಚುಕಡಮೆಯನ್ನು ಬಲ್ಲವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಟಿನ ಶತ್ರು ಭಾರವಲ್ಲ, ತೇವ. ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ವಿಷಯವನ್ನೇ. ಇಂಥ ಅಂಟಿಗೆ, ಇಂಥ ಪದಾರ್ಥಗಳಿಗೆ, ಇಂಗಾಲದ ಅತಿ ಸೂಕ್ಷ್ಮವಾದ ಎಳೆಗಳನ್ನು ಕೂಡಿಸಿ ಬಲ ತರಬಹುದೆಂದು ವಿಜ್ಞಾನಿಗಳು ಈಚೆಗೆ ಕಂಡುಕೊಂಡಿದ್ದಾರೆ. ಅದು ಎಷ್ಟರ ಮಟ್ಟಿಗೆ ನಿಜ, ಎಷ್ಟರ ಮಟ್ಟಿಗೆ ನಮಗೆ ಉಪಯೋಗ ಎಂಬುದನ್ನು ನೋಡೋಣ.

ಮೊದಲು ಅಂಟಿನ ವಿಚಾರ. ಸರೇಸು ದನಕರುಗಳ ತೊಗಲು, ಮೂಳೆಗಳನ್ನು ಬೇಯಿಸಿ ತೆಗೆದದ್ದು. ಅದು ಪ್ರೋಟೀನು. ಪ್ರೋಟೀನು ಎಂದೊಡನೆ ನಮಗೆ ಬೇಳೆ, ಹಾಲು, ಮೊಟ್ಟೆ ನೆನಪಾಗುತ್ತವೆ. ಆದರೆ ರೇಷ್ಮೆ, ಉಣ್ಣೆ, ಕೂದಲು, ಉಗುರು, ಕೊಂಬು, ಜೇಡನ ನೂಲು ಎಲ್ಲವೂ ಪ್ರೋಟೀನುಗಳೇ. ಸುಮಾರು 20 ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರಗಳು ಇವು. ಮಣಿಗಳ ಅನುಕ್ರಮ ಬೇರೆಯಾದಂತೆ ಒಂದು ರೇಷ್ಮೆಯಾಗುತ್ತದೆ, ಒಂದು ಮೊಟ್ಟೆಯ ಬಿಳಿಯಾಗುತ್ತದೆ.

ಸರೇಸಿನ ಸರಗಳು ಒಣಗಿದಾಗ ಒಂದನ್ನೊಂದು ಸಣ್ಣ ಸಣ್ಣ ಕೈಗಳಿಂದ ಹಿಡಿದುಕೊಳ್ಳುತ್ತವೆ. ಒಂದೊಂದು ಹಿಡಿತ ದುರ್ಬಲ. ಕೋಟಿ ಕೋಟಿ ಹಿಡಿತಗಳು ಸೇರಿದಾಗ ಬಲ. ಆದರೆ ನೀರಿನ ಅಣುವಿಗೂ ಅಂಥದೇ ಕೈಗಳುಂಟು. ಗಾಳಿಯ ತೇವ ಒಳಗೆ ಸೇರಿದೊಡನೆ ಅದು ಎರಡು ಸರಗಳ ನಡುವೆ ನುಗ್ಗಿ, ಇದರ ಕೈಯನ್ನೂ ಅದರ ಕೈಯನ್ನೂ ತಾನೇ ಹಿಡಿದುಕೊಳ್ಳುತ್ತದೆ. ಹಿಡಿತ ಸಡಿಲವಾಗುತ್ತದೆ, ಅಂಟು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಿಡುತ್ತದೆ.

ಇಲ್ಲಿ ನಿಮಗೊಂದು ಸಂದೇಹ ಬರಬೇಕು. ಕಂಬಳಿಯೂ ಪ್ರೋಟೀನೇ ಅಲ್ಲವೆ? ಕಂಬಳಿಯ ಕೊಪ್ಪೆ ಹೊದ್ದು ಇಡೀ ದಿನ ಗದ್ದೆಯಲ್ಲಿ ನೆಟ್ಟಿ ಮಾಡಿದರೂ ಅದೇಕೆ ಕರಗಿ ಹರಿದುಹೋಗುವುದಿಲ್ಲ? ಸಂದೇಹ ಸರಿಯಾದದ್ದೇ. ಉಣ್ಣೆಯ ಪ್ರೋಟೀನು ಸರಗಳ ನಡುವೆ ಗಂಧಕದ ಪರಮಾಣುಗಳು ಗಟ್ಟಿಯಾದ ಅಡ್ಡಸೇತುವೆಗಳನ್ನು ಕಟ್ಟಿರುತ್ತವೆ. ನೀರು ಒಳಹೊಗುತ್ತದೆ, ಕಂಬಳಿ ಭಾರವಾಗುತ್ತದೆ. ಆದರೆ ಆ ಸೇತುವೆಗಳನ್ನು ಮುರಿಯುವ ಶಕ್ತಿ ನೀರಿಗಿಲ್ಲ. ಸರೇಸಿನಲ್ಲಿ ಅಂಥ ಸೇತುವೆಗಳಿಲ್ಲ. ಕೊಪ್ಪೆಗೂ ಅಂಟಿಗೂ ಇರುವ ಈ ಭೇದವನ್ನು ನೆನಪಿನಲ್ಲಿಡಿ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಪದಾರ್ಥ ತಾನೊಂದೇ ಸಾಲದೆ ಹೋದಾಗ ಇನ್ನೊಂದನ್ನು ಕೂಡಿಸಿ ಬಲಪಡಿಸುವ ಉಪಾಯ ಹಳೆಯದು. ಮಣ್ಣಿನ ಗೋಡೆ ಬಿರಿಯಬಾರದೆಂದು ಹುಲ್ಲು ಕೊಚ್ಚಿ ಹಾಕಿ ತುಳಿಯುತ್ತಿದ್ದರು. ಮಣ್ಣು ಒತ್ತಡ ತಡೆಯುತ್ತದೆ, ಎಳೆತ ತಡೆಯದು. ಹುಲ್ಲು ಎಳೆತ ತಡೆಯುತ್ತದೆ, ತಾನಾಗಿ ನಿಲ್ಲದು. ಎರಡೂ ಸೇರಿದರೆ ಗೋಡೆ. ಇಂಥದಕ್ಕೆ ಸಂಯುಕ್ತ ಪದಾರ್ಥ ಎನ್ನೋಣ.

ನಮ್ಮ ಸೀಮೆಯಲ್ಲೇ ಇದಕ್ಕಿಂತ ನಯವಾದ ಉದಾಹರಣೆಯೊಂದುಂಟು. ಕಚೇರಿಗಳಲ್ಲಿ ಇಂದಿಗೂ 'ಕಡತ' ಎನ್ನುತ್ತೇವೆ. ಹಿಂದೆ ಕಡತವೆಂದರೆ ಕಾಗದದ ಕಟ್ಟಲ್ಲ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಬದಿಗೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕರಿಯ ಪುಸ್ತಕ. ಬಳಪದಿಂದ ಬರೆಯಬಹುದು, ಒರಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಹಳೆಯ ಲೆಕ್ಕ, ವ್ಯವಹಾರ, ಪತ್ರಗಳ ಎಷ್ಟೋ ದಾಖಲೆಗಳು ಇಂಥ ಕಡತಗಳಲ್ಲಿ ಉಳಿದು ಬಂದು ಇತಿಹಾಸಕಾರರಿಗೆ ಒದಗಿವೆ. ತುಂಗೆಯ ದಡದ ಆ ತೇವದಲ್ಲಿ! ಹುಣಿಸೆಬೀಜದ ಸರಿಯಲ್ಲಿ ಮುಖ್ಯವಾದದ್ದು ಪಿಷ್ಟದ ಬಳಗಕ್ಕೆ ಸೇರಿದ ಗೋಂದು; ಪ್ರೋಟೀನೂ ಒಂದು ಪಾಲು ಉಂಟು. ಬಟ್ಟೆ ಎಳೆತವನ್ನು ತಡೆಯಿತು, ಸರಿ ಎಲ್ಲವನ್ನೂ ಕಚ್ಚಿ ಹಿಡಿಯಿತು, ಇದ್ದಿಲು ಬರೆಯುವ ನೆಲವನ್ನು ಕೊಟ್ಟಿತು. ಇದ್ದಿಲು ಅಲ್ಲಿ ಬಂದದ್ದು ಕಪ್ಪಿಗಾಗಿ, ಬಲಕ್ಕಾಗಿ ಅಲ್ಲ. ಈಗ ಅದೇ ಇಂಗಾಲವನ್ನು ಬಲಕ್ಕಾಗಿಯೇ ಕೂಡಿಸುವ ಕಾಲ ಬಂದಿದೆ.

ಇದ್ದಿಲೂ ಇಂಗಾಲ, ಪೆನ್ಸಿಲಿನ ಕಡ್ಡಿಯೂ ಇಂಗಾಲ, ವಜ್ರವೂ ಇಂಗಾಲ (ಬಡಗಿಯ ವಜ್ರವಲ್ಲ, ಉಂಗುರದ ವಜ್ರ). ಪರಮಾಣು ಒಂದೇ, ಕಟ್ಟಡ ಬೇರೆ. ಪೆನ್ಸಿಲಿನ ಕಡ್ಡಿಯಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಆರು ಮೂಲೆಯ ಕೋಣೆಗಳಂತೆ ಹೆಣೆದುಕೊಂಡು ಹಾಳೆ ಹಾಳೆಯಾಗಿರುತ್ತವೆ. ಅಂಥ ಒಂದು ಹಾಳೆಯನ್ನು ಚಾಪೆಯಂತೆ ಸುತ್ತಿ, ಅಂಚಿಗೆ ಅಂಚನ್ನು ಬೆಸೆದರೆ ಒಂದು ಕೊಳವೆಯಾಗುತ್ತದೆ. ಇದೇ ಇಂಗಾಲದ ನ್ಯಾನೋನಾಳ. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಒಂದರೊಳಗೊಂದು ಸೇರಿದ ಇಂಥ ನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. ಒಂದೇ ಪದರದ ನಾಳ 1993ರಲ್ಲಿ ವರದಿಯಾಯಿತು. ಇಂಥ ಕೊಳವೆಗಳನ್ನು ಅದಕ್ಕೆ ಮೊದಲೇ ಕಂಡವರೂ ಉಂಟು. 1952ರಲ್ಲಿಯೇ ಸೋವಿಯೆತ್ ದೇಶದ ಇಬ್ಬರು ವಿಜ್ಞಾನಿಗಳು ಇಂಗಾಲದ ಸೂಕ್ಷ್ಮ ಕೊಳವೆಗಳ ಚಿತ್ರಗಳನ್ನು ಪ್ರಕಟಿಸಿದ್ದರು.

ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರು. ಒಂಟಿ ಪದರದ ನಾಳದ ದಪ್ಪ ಒಂದೆರಡು ನ್ಯಾನೋಮೀಟರು; ನಮ್ಮ ತಲೆಗೂದಲಿನ ದಪ್ಪ ಅದರ ಹತ್ತಾರು ಸಾವಿರ ಪಟ್ಟು. ಉದ್ದ ಮಾತ್ರ ದಪ್ಪದ ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚು. ತೂಕದಲ್ಲಿ ಅದು ಅಷ್ಟೇ ಗಾತ್ರದ ಉಕ್ಕಿನ ಸುಮಾರು ನಾಲ್ಕರಲ್ಲೊಂದು ಪಾಲು ಅಥವಾ ಅದಕ್ಕೂ ಕಡಮೆ. ಬಾಗದೆ ನಿಲ್ಲುವ ಬಿಗಿಯಲ್ಲಿ ಉಕ್ಕಿನ ಸುಮಾರು 5 ಪಟ್ಟು. ಅಮೆರಿಕದಲ್ಲಿ 2000ದಲ್ಲಿ ಒಂದೊಂದೇ ನಾಳವನ್ನು ಸೂಕ್ಷ್ಮದರ್ಶಕದೊಳಗೆ ಹಿಡಿದು ಎಳೆದು ನೋಡಿದರು. ಕಟ್ಟಡದ ಉಕ್ಕಿನ ಕಂಬಿ ತಡೆಯುವ ಎಳೆತದ ಹತ್ತಾರು ಪಟ್ಟನ್ನು ಅವು ತಡೆದವು.

ಹಾಗಾದರೆ ಒಂದು ಚಿಟಿಕೆ ನಾಳಗಳನ್ನು ಸರೇಸಿನ ಪಾತ್ರೆಗೆ ಹಾಕಿ ಕಲಕಿದರೆ ಮುಗಿಯಿತಲ್ಲವೆ? ಮುಗಿಯಲಿಲ್ಲ, ಕಷ್ಟ ಮೊದಲಾಗುವುದೇ ಅಲ್ಲಿಂದ.

ಕುದಿಯುವ ನೀರಿಗೆ ಅಕ್ಕಿಹಿಟ್ಟನ್ನು ಒಮ್ಮೆಗೇ ಸುರಿದರೆ ಏನಾಗುತ್ತದೆಂದು ಮನೆಯ ಹೆಂಗಸರಿಗೆ ಗೊತ್ತು. ಗಂಟು ಕಟ್ಟುತ್ತದೆ, ಹೊರಗೆ ಬೆಂದಿದ್ದರೂ ಗಂಟಿನ ಒಳಗೆ ಹಸಿಹಿಟ್ಟು. ನ್ಯಾನೋನಾಳಗಳೂ ಹೀಗೆಯೇ. ಅವು ಒಂದನ್ನೊಂದು ಅಪ್ಪಿಕೊಂಡು ಕಂತೆಯಾಗುತ್ತವೆ; ನೀರನ್ನಂತೂ ಕಂಡರಾಗದು. ಅಂಟಿನಲ್ಲಿ ಉಳಿದ ಅಂಥ ಒಂದು ಗಂಟು ಬಲವಲ್ಲ, ಬಿರುಕು ಹುಟ್ಟುವ ತಾಣ. ಆದ್ದರಿಂದಲೇ ಹೆಚ್ಚು ಹಾಕಿದಷ್ಟೂ ಹೆಚ್ಚು ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯದು. ತೂಕದಲ್ಲಿ ನೂರಕ್ಕೆ ಒಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಮೆ. ಅದನ್ನು ಮೀರಿದರೆ ಬಲ ಏರುವ ಬದಲು ಇಳಿಯುವುದುಂಟು.

ಇಲ್ಲಿ ಪ್ರೋಟೀನು ತಾನೇ ಸಹಾಯಕ್ಕೆ ಬರುತ್ತದೆ. ಅದರ ಮಣಿಗಳಲ್ಲಿ ಕೆಲವು ನೀರನ್ನು ಬಯಸುವಂಥವು, ಕೆಲವು ನೀರನ್ನು ಬೇಡವೆನ್ನುವಂಥವು. ಬೇಡವೆನ್ನುವ ಮಣಿಗಳು ನಾಳದ ಮೈಗೆ ಅಂಟಿಕೊಳ್ಳುತ್ತವೆ. ಬಯಸುವಂಥವು ನೀರಿನ ಕಡೆಗೆ ಮುಖಮಾಡಿ ನಿಲ್ಲುತ್ತವೆ. ಹೀಗೆ ಪ್ರೋಟೀನಿನ ಅಂಗಿ ತೊಟ್ಟ ನಾಳಗಳು ಒಂದರಿಂದೊಂದು ದೂರ ಸರಿದು ನೀರಿನಲ್ಲಿ ಹರಡುತ್ತವೆ. ರಕ್ತದ ಆಲ್ಬುಮಿನ್, ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಇವುಗಳಿಂದ ಪ್ರಯೋಗಶಾಲೆಗಳಲ್ಲಿ ಹೀಗೆ ಮಾಡಿದ್ದಾರೆ. ಮೊದಲು ಕಂತೆಗಳನ್ನು ಬಿಡಿಸಲು ನಮ್ಮ ಕಿವಿಗೆ ಕೇಳಿಸದ ತೀಕ್ಷ್ಣ ಶಬ್ದದ ಅಲೆಗಳನ್ನು ದ್ರವದೊಳಗೆ ಹಾಯಿಸುತ್ತಾರೆ.

ಹರಡಿದರೆ ಸಾಲದು; ಹಿಡಿತ ಬೇಕು. ಮಣ್ಣಿನ ಗೋಡೆಯಲ್ಲಿ ಹುಲ್ಲಿನ ಬದಲು ಎಣ್ಣೆ ಹಚ್ಚಿದ ಉಕ್ಕಿನ ಸೂಜಿಗಳನ್ನು ಹಾಕಿದರೆ ಏನು ಫಲ? ಎಳೆದೊಡನೆ ಜಾರಿ ಹೊರಗೆ ಬಂದಾವು. ನ್ಯಾನೋನಾಳದ ಮೈ ಬಹಳ ನುಣುಪು. ಅದಕ್ಕಾಗಿ ಆಮ್ಲದಲ್ಲಿ ಸಂಸ್ಕರಿಸಿ ಅದರ ಮೈಮೇಲೆ ಅಲ್ಲಲ್ಲಿ ಕೊಕ್ಕೆಗಳಂಥ ರಾಸಾಯನಿಕ ಗುಂಪುಗಳನ್ನು ಎಬ್ಬಿಸುತ್ತಾರೆ. ಪ್ರೋಟೀನಿನ ಸರ ಆ ಕೊಕ್ಕೆಗೆ ಸಿಕ್ಕಿಕೊಂಡಾಗ ಉಣ್ಣೆಯ ಗಂಧಕದ ಸೇತುವೆಯಂಥದೇ ಒಂದು ಗಟ್ಟಿ ಸೇತುವೆಯಾಗುತ್ತದೆ. ಆದರೆ ಕೊಕ್ಕೆಗಳು ಅತಿಯಾದರೆ ನಾಳದ ಗೋಡೆಯೇ ತೂತಾಗಿ ಅದರ ಸ್ವಂತ ಬಲ ಕುಂದುತ್ತದೆ. ಇಲ್ಲಿಯೂ ಹದವೇ ಮುಖ್ಯ.

ಬೆಸುಗೆಯ ಗುಣವೇ ವಸ್ತುವಿನ ಗುಣ ಎಂಬುದಕ್ಕೆ ಹಳೆಯ ಕಥೆಯೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು 'ಮಸ್ಕಿಟೊ' ಎಂಬ ಮರದ ವಿಮಾನ ಕಟ್ಟಿದರು. ಅದರ ಪ್ಲೈವುಡ್ಡನ್ನು ಮೊದಮೊದಲು ಕೂಡಿಸಿದ್ದು ಹಾಲಿನ ಪ್ರೋಟೀನಾದ ಕೇಸೀನಿನ ಅಂಟಿನಿಂದ. 1944ರ ಕೊನೆಯಲ್ಲಿ ಭಾರತದ ಕಡೆ ಕೆಲವು ಮಸ್ಕಿಟೊಗಳು ಆಕಾಶದಲ್ಲಿಯೇ ಮುರಿದು ಬಿದ್ದವು. ನಮ್ಮ ಬಿಸಿಲು, ಮಳೆ ಅಂಟನ್ನು ಕೆಡಿಸಿತೆಂದು ಮೊದಲು ಭಾವಿಸಿದರು. ತನಿಖೆಯಲ್ಲಿ, ಮರದ ತುಂಡುಗಳು ಸರಿಯಾಗಿ ಕೂಡದೆ ಅಂಟು ನಿಲ್ಲಬೇಕಾದಲ್ಲಿ ಸಂದು ಉಳಿದಿದ್ದುದೂ ಕಂಡುಬಂತು. ಕೇಸೀನನ್ನು ಬಿಟ್ಟು ಫಾರ್ಮಾಲ್ಡಿಹೈಡಿನ ಅಂಟಿಗೆ ಹೋದರು. ಇಂದು ಪ್ಲೈವುಡ್ಡಿನಲ್ಲಿ ಹೆಚ್ಚಾಗಿ ಇರುವುದು ಆ ಬಳಗದ ಅಂಟುಗಳೇ. ಅವು ಸರೇಸಿನಷ್ಟು ಸುಲಭವಾಗಿ ನೀರಿಗೆ ಜಗ್ಗವು. ಆದರೆ ಫಾರ್ಮಾಲ್ಡಿಹೈಡು ಮನುಷ್ಯರಿಗೆ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ವಿಷವಿಲ್ಲದ ಪ್ರೋಟೀನಿನ ಅಂಟಿಗೆ ಮರಳಿ ಬಲ ತರಬೇಕೆಂಬ ಪ್ರಯತ್ನ ಇಂದು ನಡೆದಿರುವುದು ಈ ಕಾರಣದಿಂದಲೂ ಹೌದು.

ಪ್ರಯೋಗಗಳಲ್ಲಿ ಏನು ಕಂಡಿದೆ? ಕರ್ನಾಟಕ ರೇಷ್ಮೆಯ ನಾಡು. ಆದ್ದರಿಂದ ರೇಷ್ಮೆಯ ಪ್ರಯೋಗವನ್ನೇ ಮೊದಲು ಹೇಳುತ್ತೇನೆ. ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಕೆಲಸ ಇದು. ನೂರಕ್ಕೆ 0.2 ಪಾಲು ನ್ಯಾನೋನಾಳವೋ ಗ್ರಾಫೀನೋ ಇರುವ ನೀರನ್ನು ಹಿಪ್ಪುನೇರಳೆ ಸೊಪ್ಪಿನ ಮೇಲೆ ಸಿಂಪಡಿಸಿ ಹುಳುಗಳಿಗೆ ತಿನ್ನಿಸಿದರು. ಹುಳು ತಿಂದದ್ದರಲ್ಲಿ ಒಂದಂಶ ಹಿಕ್ಕೆಯಲ್ಲಿ ಹೋಯಿತು, ಒಂದಂಶ ನೂಲಿಗೆ ಸೇರಿತು. ಆ ನೂಲು ತುಂಡಾಗುವ ಮುನ್ನ ಸಾಮಾನ್ಯ ರೇಷ್ಮೆಗಿಂತ ನೂರಕ್ಕೆ 50ರಷ್ಟಾದರೂ ಹೆಚ್ಚಿನ ಎಳೆತವನ್ನು ತಡೆಯಿತು. ಇಟಲಿಯ ಟ್ರೆಂಟೊದಲ್ಲಿ ನಿಕೋಲಾ ಪೂನ್ಯೊ ಮತ್ತು ಸಂಗಡಿಗರು ಜೇಡಗಳಿಗೆ ಇಂಥದೇ ದ್ರವವನ್ನು ಕೊಟ್ಟು 2017ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವು ನೂಲುಗಳು ಅಚ್ಚರಿಪಡುವಷ್ಟು ಗಟ್ಟಿಯಾದವು. ಎಲ್ಲ ಜೇಡಗಳ ನೂಲೂ ಹಾಗಾಗಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಸಿ. ಎನ್. ಆರ್. ರಾವ್ ಮತ್ತು ಯು. ರಾಮಮೂರ್ತಿ ಅವರೂ ಅದರಲ್ಲಿದ್ದರು, 2009ರಲ್ಲಿ ಒಂದು ಸ್ವಾರಸ್ಯವನ್ನು ತೋರಿಸಿದರು. ಅವರು ಬಳಸಿದ್ದು ಪ್ರೋಟೀನನ್ನಲ್ಲ, ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲನ್ನು. ಅದಕ್ಕೆ ನ್ಯಾನೋನಾಳವೊಂದನ್ನೇ ಹಾಕುವುದಕ್ಕಿಂತ, ಅದರೊಡನೆ ಅತಿ ಸೂಕ್ಷ್ಮವಾದ ವಜ್ರದ ಕಣಗಳನ್ನೂ ಸೇರಿಸಿದರೆ, ಒಟ್ಟು ಪ್ರಮಾಣ ನೂರಕ್ಕೆ ಒಂದು ಪಾಲಿಗಿಂತ ಕಡಮೆಯಿದ್ದರೂ, ಎರಡರ ಕೂಟದಿಂದ ಬರುವ ಬಲ ಒಂದೊಂದರಿಂದ ಬರುವುದಕ್ಕಿಂತ ಬಹುಪಾಲು ಹೆಚ್ಚೆಂದು ಕಂಡುಕೊಂಡರು. ಎಷ್ಟು ಹಾಕಿದೆವೆಂಬುದಕ್ಕಿಂತ ಹೇಗೆ ಕೂಡಿಸಿದೆವೆಂಬುದೇ ಮುಖ್ಯವೆಂದು ಇಲ್ಲಿಯೂ ಸಿದ್ಧವಾಯಿತು.

ಇನ್ನು ನಮ್ಮ ಮಳೆಯ ಪ್ರಶ್ನೆ. ನ್ಯಾನೋನಾಳ ಸೇರಿಸಿದ ಮಾತ್ರಕ್ಕೆ ಸರೇಸು ನೀರಿಗೆ ಹೆದರದಂತೆ ಆಗುತ್ತದೆಯೇ? ಇಲ್ಲವೆಂದೇ ಹೇಳಬೇಕು. ನಾಳ ಎಳೆತಕ್ಕೆ ಬಲ ಕೊಡುತ್ತದೆ. ನೀರು ನುಗ್ಗುವ ದಾರಿಯನ್ನು ಸ್ವಲ್ಪ ಸುತ್ತುಬಳಸು ಮಾಡುತ್ತದೆ. ಆದರೆ ಸರಕ್ಕೂ ಸರಕ್ಕೂ ನಡುವೆ ಅಡ್ಡಸೇತುವೆಗಳನ್ನು ಬೇರೆಯಾಗಿ ಕಟ್ಟದ ಹೊರತು ತೇವದ ಕಾಟ ತಪ್ಪದು. ಕಂಬಳಿಯ ಕೊಪ್ಪೆ ಕಲಿಸುವ ಪಾಠ ಇದೇ. ಬಲಕ್ಕೆ ಎಳೆ, ತಾಳಿಕೆಗೆ ಸೇತುವೆ, ಎರಡೂ ಬೇಕು.

ಇದನ್ನೆಲ್ಲ ನಾನು ಬಡಗಿಗೆ, ಅವನು ಪೆಟ್ಟಿಗೆಯ ಮೂಲೆಗೆ ಅಂಟು ಹಚ್ಚುತ್ತಿದ್ದಾಗ, ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಉಕ್ಕಿಗಿಂತ ಗಟ್ಟಿಯಾದ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣನೆಯ ಎಳೆ ಎಂದಾಗ ಅವನು ತಲೆಯೆತ್ತಿ ನೋಡಿದ. ಬೆಲೆ ಎಷ್ಟೆಂದು ಕೇಳಬಹುದೆಂದು ಎಣಿಸಿದ್ದೆ. ಅವನು ಕೇಳಿದ್ದು ಬೇರೆ: "ಅಂಟು ಒಣಗಿದ ಮೇಲೆ ಉಜ್ಜುಕಾಗದದಲ್ಲಿ ಉಜ್ಜುತ್ತೇನಲ್ಲ, ಆ ಧೂಳು ಮೂಗಿಗೆ ಹೋದರೆ?"

ಐವತ್ತು ವರ್ಷ ಮರದ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡವನ ಪ್ರಶ್ನೆ ಅದು. ವಿಜ್ಞಾನಿಗಳೂ ಅದನ್ನೇ ಕೇಳಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಉದ್ದನೆಯ ಬಹುಪದರದ ನಾಳಗಳನ್ನು ಇಲಿಗಳ ಹೊಟ್ಟೆಯ ಪೊರೆಯೊಳಗೆ ಸೇರಿಸಿದಾಗ ಕಲ್ನಾರಿನ ಎಳೆಗಳಿಂದ ಆಗುವಂಥ ಉರಿಯೂತ ಕಂಡಿತು. ಗಿಡ್ಡನೆಯ, ಸುರುಳಿಗೊಂಡ ನಾಳಗಳಿಂದ ಹಾಗಾಗಲಿಲ್ಲ. ಕಲ್ನಾರು ಎಂದರೆ ಆಸ್ಬೆಸ್ಟಾಸು. ಉಸಿರಿನೊಡನೆ ಹೋದ ಅದರ ಎಳೆಗಳು ಬಹಳ ವರ್ಷಗಳ ಮೇಲೆ ಕೆಲಸಗಾರರ ಪ್ರಾಣ ತೆಗೆದದ್ದನ್ನು ಜಗತ್ತು ತಡವಾಗಿ ಅರಿಯಿತು. 2014ರಲ್ಲಿ ಅದೇ ಕ್ಯಾನ್ಸರ್ ಸಂಶೋಧನಾ ಅಂಗ ಒಂದು ಬಗೆಯ ಬಹುಪದರ ನಾಳವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದೆಂದು ವರ್ಗೀಕರಿಸಿತು. ಉಳಿದ ಬಗೆಗಳ ವಿಷಯದಲ್ಲಿ ನಿರ್ಣಯಕ್ಕೆ ಆಧಾರ ಸಾಲದೆಂದಿತು.

ಅಂಟಿನೊಳಗೆ ಗಟ್ಟಿಯಾಗಿ ಹೂತಿರುವ ನಾಳದಿಂದ ಪೆಟ್ಟಿಗೆಯ ಮುಂದೆ ಕುಳಿತು ಬರೆಯುವವನಿಗೆ ಅಪಾಯ ಕಡಮೆ. ಒಣಪುಡಿಯನ್ನು ಅಳೆದು ಸುರಿಯುವವನು, ಕೊಯ್ಯುವವನು, ಉಜ್ಜುವವನು ಮಾತ್ರ ಎಚ್ಚರದಲ್ಲಿರಬೇಕು. ವಸ್ತು ಯಾರ ಮನೆ ಸೇರುತ್ತದೆಂಬುದನ್ನು ಮಾತ್ರ ನೋಡಿ, ಯಾರ ಕೈಯಿಂದ ಹಾದು ಬರುತ್ತದೆಂಬುದನ್ನು ನೋಡದಿದ್ದರೆ ನಮ್ಮ ಲೆಕ್ಕ ಅರ್ಧ ಲೆಕ್ಕ.

ಆದ್ದರಿಂದ, ನಾಳೆ ಅಂಗಡಿಯಲ್ಲಿ 'ನ್ಯಾನೋ' ಎಂಬ ಹಣೆಪಟ್ಟಿ ಹೊತ್ತ ಅಂಟೋ, ಹಲಗೆಯೋ, ಬಟ್ಟೆಯೋ ಬಂದರೆ ನೀವು ಮೂರು ಪ್ರಶ್ನೆಗಳನ್ನು ಕೇಳಿ. ಎಳೆ ಒಳಗೆ ಸಮನಾಗಿ ಹರಡಿದೆಯೇ? ನಮ್ಮಂಥ ತೇವದಲ್ಲಿ, ಒಂದು ಮಳೆಗಾಲವಾದರೂ, ಅದನ್ನು ಪರೀಕ್ಷಿಸಿ ನೋಡಿದ್ದಾರೆಯೇ? ಅದನ್ನು ಮಾಡುವವನ ಉಸಿರಿಗೆ ಏನು ರಕ್ಷಣೆ? ಮೂರಕ್ಕೂ ಉತ್ತರ ಬಂದ ದಿನ ಕೊಳ್ಳಬಹುದು.

ನಮ್ಮ ಪೆಟ್ಟಿಗೆಯನ್ನು ಬಡಗಿ ಹಳೆಯ ಸರೇಸಿನಿಂದಲೇ ಕೂಡಿಸಿ ಹಗ್ಗದಿಂದ ಬಿಗಿದು ಜಗುಲಿಯಲ್ಲಿಟ್ಟು ಹೋದ. ಎರಡು ಮೂರು ವರ್ಷ ನಿಂತೀತು. ಅಷ್ಟರಲ್ಲಿ ಬೇರೆ ಅಂಟು ಬಂದರೆ ಸಂತೋಷವೇ. ಬರುವಾಗ ಅದು ಶೃಂಗೇರಿಯ ಮಳೆಯನ್ನೂ ತಡೆಯಲಿ, ಬಡಗಿಯ ಎದೆಯನ್ನೂ ಕಾಯಲಿ.